ಬೋಸ್ನಿಯಾ ಯುದ್ಧಾಪರಾಧಿಗಳ ವಿಚಾರಣೆ: ಇಷ್ಟು ವರ್ಷ ನಡೆಸಿ ಸಿಕ್ಕಿದ್ದೇನು?

ಇತಿಹಾಸದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಮುಂದಿಡುತ್ತಿದ್ದೇನೆ. ಗೊತ್ತಿರುವವರು ಉತ್ತರ ಕೊಡಿ, ಜಗಳ ಆಡುವವರು ಸ್ವಲ್ಪ ಮೆತ್ತಗೆ ಆಡಿ.

ಯುಗೊಸ್ಲಾವಿಯಾ ಒಡೆದಾಗ, 1992ರಿಂದ 1995ರವರೆಗೆ ಬೋಸ್ನಿಯಾದಲ್ಲಿ ಸರ್ಬರು, ಕ್ರೊಯೇಟರು, ಮುಸ್ಲಿಮರ ನಡುವೆ ಯುದ್ಧ ನಡೆಯಿತು. ರಾಟ್ಕೊ ಮ್ಲಾಡಿಚ್ ಬೋಸ್ನಿಯಾದ ಸರ್ಬ್ ಸೇನೆಯ ಮುಖ್ಯಸ್ಥ. 1995ರ ಜುಲೈ 11ರಂದು ಅವನ ಪಡೆ ಸ್ರೆಬ್ರೆನಿತ್ಸಾ ಅನ್ನೋ ಪಟ್ಟಣವನ್ನು ಹಿಡಿಯಿತು. ಮುಂದಿನ ಕೆಲವೇ ದಿನಗಳಲ್ಲಿ 8 ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದರು. ಹೇಗ್ ಕೋರ್ಟು, ಅಂದರೆ ಈ ಯುದ್ಧಾಪರಾಧಗಳಿಗಾಗಿ ವಿಶ್ವಸಂಸ್ಥೆ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಮಾಡಿದ ಕೋರ್ಟು, ಅವನ ಮೇಲೆ ಮೊದಲ ಆರೋಪಪಟ್ಟಿ ಹೊರಡಿಸಿದ್ದು ಅದೇ ತಿಂಗಳು, ರಾಜಧಾನಿ ಸರಾಯೆವೊದ ಮುತ್ತಿಗೆ ಮತ್ತು ಬಂದಿಖಾನೆಗಳ ವಿಚಾರದಲ್ಲಿ. ಸ್ರೆಬ್ರೆನಿತ್ಸಾ ಆರೋಪ ಆ ವರ್ಷದ ನವೆಂಬರಿನಲ್ಲಿ ಸೇರಿತು. ಆಸಾಮಿ ಕೈಗೆ ಸಿಕ್ಕಿದ್ದು 2011ರ ಮೇ ತಿಂಗಳಲ್ಲಿ. ಜೀವಾವಧಿ ಶಿಕ್ಷೆ 2017ರಲ್ಲಿ. ಅಪೀಲು ಮುಗಿದಿದ್ದು 2021ರ ಜೂನ್‌ನಲ್ಲಿ. ಕೂಡಿ ನೋಡಿ, 26 ವರ್ಷ.

ಪಿಯುಸಿ ಮಕ್ಕಳಿಗೆ ನ್ಯೂರೆಂಬರ್ಗ್ (ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ) ಪಾಠ ಮಾಡುವಾಗ ಇದನ್ನೂ ಸೇರಿಸಿ ಹೇಳುತ್ತೇನೆ. ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಸರ್, ಅವನು ಹೇಗೂ ಮುದುಕ ಆಗಿದ್ದ, ಈಗ ಜೈಲಿಗೆ ಹಾಕಿ ಯಾರಿಗೇನು ಸಿಕ್ತು?" ನಾನು ಕೊಡೋ ಉತ್ತರ ನನಗೇ ಸಪ್ಪೆ ಅನಿಸುತ್ತದೆ. ನಿಮ್ಮ ಪ್ರಕಾರ ಏನು ಸಿಕ್ಕಿತು?

ಕೋರ್ಟುಕಚೇರಿ

ಮೇಷ್ಟ್ರೇ, 26 ವರ್ಷ ಅಂದರೆ ಸಿಟ್ಟು ಬರುತ್ತದೆ, ನಿಜ. ಆದರೆ ಈ ಕೋರ್ಟು ಹುಟ್ಟಿದ ರೀತಿ ನೋಡಿ. 1993ರ ಮೇ 25ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 827ನೇ ನಿರ್ಣಯ ಮಾಡಿತು. ಆಗ ಯುದ್ಧ ಇನ್ನೂ ಜೋರಾಗಿ ನಡೀತಿತ್ತು. ಸೈನ್ಯ ಕಳಿಸಿ ಯುದ್ಧ ನಿಲ್ಲಿಸಲು ದೊಡ್ಡ ದೇಶಗಳಿಗೆ ಮನಸ್ಸಿರಲಿಲ್ಲ. ಏನೋ ಮಾಡಿದೆವು ಅನ್ನಿಸಿಕೊಳ್ಳೋಕೆ ಒಂದು ಕೋರ್ಟು ಮಾಡಿ ಕೈ ತೊಳೆದುಕೊಂಡರು ಅನ್ನೋ ಟೀಕೆ ಅವತ್ತೇ ಇತ್ತು. ನ್ಯೂರೆಂಬರ್ಗ್‌ನಲ್ಲಿ ಜರ್ಮನಿ ಸೋತು ಶರಣಾಗಿತ್ತು. ಆರೋಪಿಗಳು, ಕಡತಗಳು, ಕಟ್ಟಡ ಎಲ್ಲ ಗೆದ್ದವರ ಕೈಯಲ್ಲಿದ್ದವು. ಇಲ್ಲಿ ಆರೋಪಿಗಳು ಇನ್ನೂ ಅಧಿಕಾರದಲ್ಲಿ ಕೂತಿದ್ದರು.

ಹೇಗ್ ಕೋರ್ಟಿಗೆ ಸ್ವಂತ ಪೊಲೀಸ್ ಇರಲಿಲ್ಲ. ವಾರಂಟ್ ಹೊರಡಿಸಬಹುದು, ಹಿಡಿದು ತರೋಕೆ ಆಗಲ್ಲ. ಮೊದಲು ವಿಚಾರಣೆಗೆ ನಿಂತವನು ದುಷ್ಕೊ ತಾದಿಚ್. ಅವನೇನೂ ದೊಡ್ಡ ಕುಳ ಅಲ್ಲ. ಮ್ಯೂನಿಕ್‌ನಲ್ಲಿದ್ದ, ಅವನ ಕೈಯಲ್ಲಿ ಹೊಡೆತ ತಿಂದವರು ಅಲ್ಲಿಗೇ ನಿರಾಶ್ರಿತರಾಗಿ ಬಂದಿದ್ದರು, ಗುರುತು ಹಿಡಿದರು. 1994ರಲ್ಲಿ ಜರ್ಮನ್ ಪೊಲೀಸರು ಬಂಧಿಸಿದರು. 1995ರ ಕೊನೆಗೆ ಯುದ್ಧ ನಿಂತು ನ್ಯಾಟೊ ಪಡೆ ಬಂದ ಮೇಲೂ ಆ ಸೈನಿಕರು ಆರೋಪಿಗಳ ತಂಟೆಗೆ ಹೋಗಲಿಲ್ಲ. ಬೋಸ್ನಿಯಾದಲ್ಲಿ ಮೊದಲ ಬಂಧನಕ್ಕೆ ಅವರು ಕೈ ಹಾಕಿದ್ದು 1997ರ ಜುಲೈನಲ್ಲಿ, ಪ್ರಿಯೆಡೋರ್ ಊರಿನಲ್ಲಿ.

ಆಮೇಲೆ ಕೆಲಸ ಮಾಡಿದ್ದು ಯುರೋಪಿಯನ್ ಒಕ್ಕೂಟದ ಒತ್ತಡ. "ಆರೋಪಿಗಳನ್ನು ಕೊಟ್ಟರೆ ಮಾತ್ರ ಒಳಗೆ ಸೇರಿಸ್ತೀವಿ" ಅಂತ ಸರ್ಬಿಯಾಕ್ಕೂ ಕ್ರೊಯೇಷಿಯಾಕ್ಕೂ ಹೇಳಿದರು. ಕೊನೆಗೆ 161 ಆರೋಪಿಗಳಲ್ಲಿ ಒಬ್ಬರೂ ತಲೆಮರೆಸಿಕೊಂಡು ಉಳಿಯಲಿಲ್ಲ. ಕೊನೆಯವನು ಕ್ರೊಯೇಷಿಯಾದ ಸರ್ಬ್ ನಾಯಕ ಗೊರಾನ್ ಹಾಜಿಚ್, 2011ರ ಜುಲೈನಲ್ಲಿ ಸಿಕ್ಕ. ನಮ್ಮ ತಾಲ್ಲೂಕು ಕೋರ್ಟಿನಲ್ಲೇ ಎಷ್ಟು ಜಾಮೀನುರಹಿತ ವಾರಂಟುಗಳು ಜಾರಿಯಾಗದೆ ಬಿದ್ದಿರುತ್ತವೆ ಅಂತ ನೋಡಿದವನು ನಾನು. ನನಗೆ ಇದು ಸಣ್ಣ ವಿಷಯ ಅನಿಸಲ್ಲ.

ಕಟುಸತ್ಯ

ಒತ್ತಡ ಯಾರ ಮೇಲೆ ಹಾಕಿದರು ಅನ್ನೋದನ್ನೂ ಹೇಳಿ ವಕೀಲರೇ. ಸಣ್ಣ, ಬಡ, ಸೋತ ದೇಶಗಳ ಮೇಲೆ. 1999ರಲ್ಲಿ ನ್ಯಾಟೊ ಸರ್ಬಿಯಾ ಮೇಲೆ ಬಾಂಬ್ ಹಾಕಿತು. ಬೆಲ್‌ಗ್ರೇಡಿನ ಟಿವಿ ಕಚೇರಿಗೆ ಹೊಡೆದು 16 ಜನ ನೌಕರರನ್ನು ಕೊಂದರು. ಇದೇ ಹೇಗ್ ಕೋರ್ಟಿನ ವ್ಯಾಪ್ತಿಯೊಳಗೇ ಬರುತ್ತಿತ್ತು. ಪ್ರಾಸಿಕ್ಯೂಟರ್ ಕಾರ್ಲಾ ಡೆಲ್ ಪಾಂಟೆ 2000ದಲ್ಲಿ "ತನಿಖೆ ಬೇಕಿಲ್ಲ" ಅಂದರು. ಮುಗೀತು.

ಎರಡನೇ ಮಹಾಯುದ್ಧದ ನಂತರ ಜಪಾನಿ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೆಯಲ್ಲಿ ನಮ್ಮ ಕಲ್ಕತ್ತಾ ಹೈಕೋರ್ಟಿನ ರಾಧಾಬಿನೋದ್ ಪಾಲ್ ಇದನ್ನೇ ಹೇಳಿದ್ದು. ಎಲ್ಲ ಆರೋಪಿಗಳನ್ನೂ ಬಿಡಬೇಕು ಅಂತ ಭಿನ್ನ ತೀರ್ಪು ಬರೆದರು. ಗೆದ್ದವನು ಜಡ್ಜ್ ಆಗಿ ಕೂತರೆ ಅದು ನ್ಯಾಯ ಹೇಗಾಗುತ್ತೆ?

ಕೋರ್ಟುಕಚೇರಿ

ಪಾಲ್ ಹೆಸರು ಹೇಳುವಾಗ ಪೂರ್ತಿ ಹೇಳಿ. ಜಪಾನಿ ಸೈನ್ಯ ನಾನ್‌ಜಿಂಗ್‌ನಲ್ಲಿ, ಫಿಲಿಪೀನ್ಸ್‌ನಲ್ಲಿ ಮಾಡಿದ ಕ್ರೌರ್ಯಕ್ಕೆ ಸಾಕ್ಷ್ಯ ಧಾರಾಳವಾಗಿದೆ ಅಂತ ಅವರೂ ಒಪ್ಪಿದ್ದರು. ಆ ನಾಯಕರು ಅದಕ್ಕೆ ಹೊಣೆ ಅಂತ ಸಾಬೀತಾಗಿಲ್ಲ, ಮತ್ತು ಯುದ್ಧ ಹೂಡೋದೇ ಅಪರಾಧ ಅನ್ನೋ ಕಾನೂನು ಆಗ ಇರಲಿಲ್ಲ, ಇದು ಅವರ ವಾದ.

ಟಿವಿ ಕಚೇರಿ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಪ್ರಶ್ನೆಗೆ ಕೋರ್ಟಿನೊಳಗೆ ವಾದ ಆಗಬೇಕಿತ್ತು, ಆಫೀಸಿನೊಳಗೆ ತೀರ್ಮಾನ ಆಯಿತು. ಆದರೆ ಅದರಿಂದ ಸ್ರೆಬ್ರೆನಿತ್ಸಾದ ಗುಂಡಿಗಳು ಖಾಲಿ ಆಗಲ್ಲ.

ಕಟುಸತ್ಯ

ಖಾಲಿ ಆಗಲಿ ಅಂತ ನಾನೆಲ್ಲಿ ಹೇಳಿದೆ? ತಕ್ಕಡಿ ಯಾರ ಕೈಲಿದೆ ಅಂತ ಕೇಳಿದೆ ಅಷ್ಟೆ.

ಹೇಗ್ ಕನ್ನಡತಿ

ನಾನು ಕೆಲಸದ ಮೇಲೆ ಬಂದು ಇಲ್ಲೇ ನೆಲೆಸಿದವಳು. ಕೋರ್ಟು ಮುಚ್ಚೋಕೆ ಮುಂಚೆ ಕೆಲವು ಸಲ ಒಳಗೆ ಹೋಗಿ ಕೂತಿದ್ದೇನೆ. ಯಾರು ಬೇಕಾದರೂ ಹೋಗಬಹುದಿತ್ತು. ಗುರುತಿನ ಚೀಟಿ ತೋರಿಸಬೇಕು, ಬ್ಯಾಗು ಸ್ಕ್ಯಾನ್ ಮಾಡಿಸಬೇಕು, ಆಮೇಲೆ ಗಾಜಿನ ಗೋಡೆಯ ಈಚೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಸಾಕ್ಷಿಯ ಮುಖ ತೋರಿಸಬಾರದು ಅಂತಿದ್ದರೆ ಪರದೆ ಎಳೆದುಬಿಡುತ್ತಿದ್ದರು.

ಸಿನಿಮಾ ತರಹ ಇರುತ್ತೆ ಅಂದುಕೊಂಡು ಹೋಗಬೇಡಿ. ಅರ್ಧ ದಿನ ಒಂದು ನಕ್ಷೆಯ ಮೇಲೆ ಒಂದು ರಸ್ತೆ ಎಲ್ಲಿ ತಿರುಗುತ್ತೆ ಅಂತ ವಾದ. ಮುಂದಿನ ಅರ್ಧ ದಿನ ಒಂದು ಸಹಿ ಯಾರದ್ದು ಅಂತ. ನನ್ನ ಪಕ್ಕ ಕೂತ ಕಾಲೇಜು ಹುಡುಗ ನಿದ್ದೆ ಹೊಡೆದ!

ಡಚ್ಚರಿಗೆ ಈ ವಿಷಯ ಬೇರೆ ರೀತಿ ಚುಚ್ಚುತ್ತದೆ. ಸ್ರೆಬ್ರೆನಿತ್ಸಾವನ್ನು 1993ರಲ್ಲೇ "ಸುರಕ್ಷಿತ ಪ್ರದೇಶ" ಅಂತ ವಿಶ್ವಸಂಸ್ಥೆ ಘೋಷಿಸಿತ್ತು. ಕಾವಲಿಗಿದ್ದವರು ಡಚ್ ಸೈನಿಕರು. ಜನ ಅವರ ಶಿಬಿರಕ್ಕೆ ಓಡಿ ಬಂದರು. ಕಣ್ಣೆದುರೇ ಗಂಡಸರನ್ನು ಬೇರೆ ಮಾಡಿ ಕರೆದುಕೊಂಡು ಹೋದರು. ಇದರ ಮೇಲಿನ ವರದಿ 2002ರಲ್ಲಿ ಬಂದಾಗ ಇಲ್ಲಿನ ವಿಮ್ ಕೊಕ್ ಸರ್ಕಾರವೇ ರಾಜೀನಾಮೆ ಕೊಟ್ಟಿತು. 2019ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಶಿಬಿರದೊಳಗಿದ್ದ 350 ಗಂಡಸರ ಸಾವಿಗೆ ಡಚ್ ಸರ್ಕಾರ ಶೇಕಡಾ 10ರಷ್ಟು ಹೊಣೆ ಅಂತ ತೀರ್ಪು ಕೊಟ್ಟಿತು. ಒಳಗೇ ಇಟ್ಟುಕೊಂಡಿದ್ದರೆ ಉಳಿಯುವ ಸಾಧ್ಯತೆ ಅಷ್ಟಿತ್ತು ಅನ್ನೋದು ಲೆಕ್ಕ. ಇಂಥದ್ದಕ್ಕೂ ಪರ್ಸೆಂಟೇಜ್ ಹಾಕ್ತಾರಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತೆ.

ಬಿಳಿ ಕೋಟು

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನನ್ನ ಕಡೆಯಿಂದ ಒಂದು ಉತ್ತರ ಇದೆ. ನಾನು ವಿಧಿವಿಜ್ಞಾನ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಎಲ್ಲರೂ ಮ್ಲಾಡಿಚ್, ಬೋಸ್ನಿಯಾ ಸರ್ಬರ ರಾಜಕೀಯ ನಾಯಕ ಕರಾಜಿಚ್ ಅಂತ ದೊಡ್ಡ ಹೆಸರು ಹೇಳ್ತೀರಿ. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನಿಸೋದು ಮಣ್ಣು ಅಗೆದವರ ಕೆಲಸ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಕೊಂದ ಮೇಲೆ ಹೆಣಗಳನ್ನು ಆಯಾ ಜಾಗದ ಹತ್ತಿರವೇ ದೊಡ್ಡ ಗುಂಡಿ ತೋಡಿ ಹೂತರು. 1995ರ ಆಗಸ್ಟ್ 10ರಂದು ಅಮೆರಿಕದ ಮೆಡಲೀನ್ ಆಲ್‌ಬ್ರೈಟ್ ಭದ್ರತಾ ಮಂಡಳಿಯಲ್ಲಿ ಆಕಾಶದಿಂದ ತೆಗೆದ ಫೋಟೋಗಳನ್ನು ತೋರಿಸಿದರು. ಹೊಸದಾಗಿ ಕದಡಿದ ಮಣ್ಣು ಅದರಲ್ಲಿ ಕಾಣುತ್ತಿತ್ತು. ಸಿಕ್ಕಿಬೀಳ್ತೀವಿ ಅಂತ ಅವರಿಗೆ ಗೊತ್ತಾಯಿತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಾತ್ರಿ ಹೊತ್ತು ಯಂತ್ರ ತಂದು, ಗುಂಡಿಗಳನ್ನು ಮತ್ತೆ ಅಗೆದು, ಲಾರಿಗೆ ತುಂಬಿ, ದೂರದ ಹಳ್ಳಿ ದಾರಿಗಳ ಪಕ್ಕ ಬೇರೆ ಗುಂಡಿಗಳಲ್ಲಿ ಹಾಕಿದರು. ನಮ್ಮಲ್ಲಿ ಜೆಸಿಬಿ ಅಂತೀವಲ್ಲ, ಅಂಥ ಯಂತ್ರದ ಬಕೆಟ್ ಹೆಣಗಳನ್ನು ತುಂಡು ಮಾಡುತ್ತದೆ. ಹಾಗಾಗಿ ಒಬ್ಬನ ಮೂಳೆಗಳು ಮೂರು ನಾಲ್ಕು ಗುಂಡಿಗಳಲ್ಲಿ ಸಿಕ್ಕ ಉದಾಹರಣೆಗಳಿವೆ.

ಇಲ್ಲೇ ಅವರು ಎಡವಿದ್ದು. ಹೆಣದ ಜೊತೆ ಮಣ್ಣೂ ಹೋಯಿತು. ಕೊಜ್ಲುಕ್ ಅನ್ನೋ ಜಾಗದಲ್ಲಿ ಕೊಂದದ್ದು ವಿಟಿಂಕಾ ಅನ್ನೋ ಬಾಟಲಿ ತುಂಬುವ ಕಾರ್ಖಾನೆಯವರು ಒಡೆದ ಗಾಜು ಸುರಿಯುತ್ತಿದ್ದ ಕಡೆ. ಅಲ್ಲಿಂದ ಎಷ್ಟೋ ದೂರದ ಚಾಂಚಾರಿ ರಸ್ತೆ ಪಕ್ಕದ ಗುಂಡಿ ಅಗೆದಾಗ ಅದೇ ಹಸಿರು ಗಾಜಿನ ಚೂರು, ಅದೇ ಬಾಟಲಿ ಲೇಬಲ್ ಸಿಕ್ಕವು. ಗ್ರ್ಬಾವ್ಚಿ ಶಾಲೆಯಲ್ಲಿ ಕೂಡಿಹಾಕಿದವರ ಕಣ್ಣಿಗೆ ಕಟ್ಟಿದ ಬಟ್ಟೆಪಟ್ಟಿಯ ತರಹದ್ದೇ ಗುಂಡಿಯಲ್ಲಿ ಸಿಕ್ಕವು. ಗುಂಡಿನ ಖಾಲಿ ಕೋಶಗಳ ಮೇಲಿನ ಗುರುತು, ಮಣ್ಣಿನ ಕಣ, ಹೂವಿನ ಪರಾಗ, ಹೀಗೆ ಯಾವ ಹೊಸ ಗುಂಡಿ ಯಾವ ಹಳೇ ಗುಂಡಿಯಿಂದ ಬಂದದ್ದು ಅಂತ ಒಂದೊಂದಾಗಿ ಜೋಡಿಸಿದರು.

ಇನ್ನೊಂದು ಕೈಗಡಿಯಾರದ್ದು. ಕೆಲವರ ಕೈಯಲ್ಲಿ ಸೀಕೊ ಆಟೊಮ್ಯಾಟಿಕ್ ವಾಚು ಇತ್ತು. ಬ್ಯಾಟರಿ ಇಲ್ಲ, ಕೈ ಆಡಿದರೆ ತಾನೇ ಕೀಲಿ ತುಂಬಿಕೊಳ್ಳುತ್ತೆ. ಕೈ ನಿಂತರೆ ಒಂದೂವರೆ ಎರಡು ದಿನ ಓಡಿ ನಿಲ್ಲುತ್ತೆ. ಅದರಲ್ಲಿ ವಾರ, ತಾರೀಖು ಎರಡೂ ತೋರಿಸುತ್ತೆ. ಅದು ನಿಂತ ತಾರೀಖಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಸತ್ತ ದಿನವನ್ನು ಅಂದಾಜು ಮಾಡಿದರು. ಇವರೆಲ್ಲ ಹೋರಾಡುತ್ತಾ ಕಾಡಿನಲ್ಲಿ ಸತ್ತ ಸೈನಿಕರು ಅಂತ ಆರೋಪಿಗಳ ಕಡೆಯವರು ವಾದ ಮಾಡುತ್ತಿದ್ದರಲ್ಲ, ಅದಕ್ಕೆ ಈ ವಾಚು ಮತ್ತು ಬೆನ್ನ ಹಿಂದೆ ಕಟ್ಟಿದ ಕೈಗಳು ಉತ್ತರ ಕೊಟ್ಟವು.

ಸಾಕ್ಷಿಗೆ ಮರೆವು ಬರಬಹುದು, ಹೆದರಬಹುದು, ಮಾತು ತಿರುಗಿಸಬಹುದು. ಗಾಜಿನ ಚೂರಿಗೆ ಪಾಟೀ ಸವಾಲು ಹಾಕಿ ಏನು ಮಾಡ್ತೀರಿ?

ಕೋರ್ಟುಕಚೇರಿ

ಇದಕ್ಕೆ ಕಾಗದದ ಸಾಕ್ಷ್ಯ ಸೇರಿಸ್ತೀನಿ. 1998ರಲ್ಲಿ ತನಿಖಾ ತಂಡ ಸರ್ಬ್ ಸೇನೆಯ ಜ್ವೊರ್ನಿಕ್ ಬ್ರಿಗೇಡಿನ ಕಚೇರಿ ಶೋಧಿಸಿತು. ಅಲ್ಲಿ ಅಗೆಯುವ ಯಂತ್ರಗಳ ಲಾಗ್‌ಬುಕ್ ಸಿಕ್ಕಿತು. ಯಾವ ದಿನ, ಯಾವ ಊರಿನಲ್ಲಿ, ಎಷ್ಟು ಗಂಟೆ ಓಡಿತು, ಎಷ್ಟು ಡೀಸೆಲ್ ಅಂತ ಗುಮಾಸ್ತ ನಿಷ್ಠೆಯಿಂದ ಬರೆದಿಟ್ಟಿದ್ದ. ಕೊಲೆ ನಡೆದ ಜಾಗಗಳಿಗೂ ಆ ತಾರೀಖುಗಳಿಗೂ ತಾಳೆ ಆಯಿತು.

ಇನ್ನೊಂದು ಕಡೆ ಬೋಸ್ನಿಯಾ ಸೇನೆಯ ಹುಡುಗರು ಬೆಟ್ಟದ ಮೇಲೆ ಕೂತು ಸರ್ಬ್ ಅಧಿಕಾರಿಗಳ ರೇಡಿಯೊ ಮಾತು ಕದ್ದು ಕೇಳಿ ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದುಕೊಂಡಿದ್ದರು. ಅದರಲ್ಲಿ ಬಂದಿಗಳನ್ನು "ಪಾರ್ಸೆಲ್" ಅಂತ ಕರೆದು, ಇನ್ನೂ 3,500 ವಿಲೇವಾರಿ ಆಗಬೇಕು ಅಂತ ಒಬ್ಬ ಕರ್ನಲ್ ಗೋಳಾಡೋದು ಬರುತ್ತೆ.

ಇದೆಲ್ಲ ಸೇರಿ 2001ರ ಆಗಸ್ಟ್ 2ರಂದು ಸರ್ಬ್ ಸೇನೆಯ ಜನರಲ್ ರಾದಿಸ್ಲಾವ್ ಕ್ರಿಸ್ತಿಚ್‌ಗೆ 46 ವರ್ಷ ಶಿಕ್ಷೆ ಆಯಿತು. ಆ ಕೋರ್ಟಿನಲ್ಲಿ ನರಮೇಧದ ಮೊದಲ ತೀರ್ಪು ಅದು. 2004ರಲ್ಲಿ ಅಪೀಲು ಪೀಠ ಅದನ್ನು ನರಮೇಧಕ್ಕೆ ನೆರವು ಅಂತ ಬದಲಿಸಿ 35 ವರ್ಷಕ್ಕೆ ಇಳಿಸಿತು. ಆದರೆ ನಡೆದದ್ದು ನರಮೇಧವೇ ಅನ್ನೋದನ್ನು ಎತ್ತಿಹಿಡಿಯಿತು.

ಸೋಮವಾರಪೇಟೆ ಹವಾಲ್ದಾರ್

ಇಪ್ಪತ್ತು ವರ್ಷ ಸೇನೆಯಲ್ಲಿದ್ದವನು ನಾನು, ನಿವೃತ್ತ. ಯುಗೊಸ್ಲಾವಿಯಾದಲ್ಲಿ ವಿಶ್ವಸಂಸ್ಥೆ ಪಡೆಯ ಮೊದಲ ಕಮಾಂಡರ್ ನಮ್ಮವರೇ, ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. 1992ರಿಂದ ಒಂದು ವರ್ಷ ಇದ್ದರು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಹೇಳಿದೆ.

ನನಗೆ ಜನರಲ್‌ಗಳಿಗಿಂತ ತಳದ ಸಿಪಾಯಿಗಳ ಪ್ರಶ್ನೆ ಕಾಡುತ್ತದೆ. ದ್ರಾಜೆನ್ ಎರ್ದೆಮೊವಿಚ್ ಅಂತ ಒಬ್ಬ ಇದ್ದ. ಆಗ ಇಪ್ಪತ್ತಮೂರರ ಹುಡುಗ. ಬ್ರಾನ್ಯೆವೊ ಅನ್ನೋ ಫಾರ್ಮಿಗೆ 1995ರ ಜುಲೈ 16ರಂದು ಅವನ ತುಕಡಿಯನ್ನು ಕರೆದುಕೊಂಡು ಹೋದರು. ಬಸ್ಸುಗಳಲ್ಲಿ ಜನ ಬಂದರು. ಇಳಿಸಿ, ಸಾಲಾಗಿ ನಿಲ್ಲಿಸಿ ಹೊಡೆಯಿರಿ ಅಂದರು. ಇವನು ಆಗಲ್ಲ ಅಂದ. ಹಾಗಾದರೆ ನೀನೂ ಹೋಗಿ ಆ ಸಾಲಿನಲ್ಲಿ ನಿಲ್ಲು ಅಂದರಂತೆ. ಹೊಡೆದ. ಸುಮಾರು 70 ಜನರನ್ನು ತಾನೇ ಕೊಂದಿರಬಹುದು ಅಂತ ಅವನೇ ಹೇಳಿದ. ಯಾರೂ ಹಿಡಿದು ಬಾಯಿ ಬಿಡಿಸಿದ್ದಲ್ಲ. ಪತ್ರಕರ್ತರ ಹತ್ತಿರ ತಾನಾಗಿ ಹೋಗಿ ಹೇಳಿದ್ದು.

ಅವನ ಜಾಗದಲ್ಲಿ ನಾವು ಏನು ಮಾಡ್ತಿದ್ವಿ? ಕಾನೂನುಬಾಹಿರ ಹುಕುಂ ಪಾಲಿಸಬಾರದು ಅಂತ ಸೇನೆಯಲ್ಲಿ ಕಲಿಸ್ತಾರೆ. ಆದರೆ ತಲೆಗೆ ಬಂದೂಕು ಇಟ್ಟಾಗ?

ಕೋರ್ಟುಕಚೇರಿ

ಹವಾಲ್ದಾರ್ ಸಾಹೇಬರೇ, ಜಡ್ಜ್‌ಗಳೂ ಇದೇ ಪ್ರಶ್ನೆಯ ಮೇಲೆ ಇಬ್ಭಾಗ ಆದರು. 1997ರ ಅಕ್ಟೋಬರ್‌ನಲ್ಲಿ ಅಪೀಲು ಪೀಠ 3-2ರಲ್ಲಿ ತೀರ್ಪು ಕೊಟ್ಟಿತು. ಜೀವಬೆದರಿಕೆ ಇದ್ದರೂ ಅಮಾಯಕರನ್ನು ಕೊಂದದ್ದಕ್ಕೆ ಪೂರ್ತಿ ಮಾಫಿ ಇಲ್ಲ, ಶಿಕ್ಷೆ ಕಮ್ಮಿ ಮಾಡಬಹುದು ಅಷ್ಟೆ ಅಂತ. ಭಿನ್ನಮತ ಬರೆದವರಲ್ಲಿ ಇಟಲಿಯ ಆಂಟೊನಿಯೊ ಕಸ್ಸೇಸೆ ಒಬ್ಬರು. ಅವನು ಸತ್ತಿದ್ದರೂ ಆ ಜನ ಉಳಿಯುತ್ತಿರಲಿಲ್ಲ, ಹಾಗಿರುವಾಗ ಕಾನೂನು ಮನುಷ್ಯನಿಂದ ವೀರನ ಸಾವನ್ನು ಕೇಳಬಾರದು ಅನ್ನೋ ಧಾಟಿಯ ವಾದ ಅವರದ್ದು. ಕಸ್ಸೇಸೆ ಬರೆದದ್ದೇ ನನಗೆ ಹೆಚ್ಚು ಒಪ್ಪಿಗೆ. ಕೊನೆಗೆ ಎರ್ದೆಮೊವಿಚ್‌ಗೆ 5 ವರ್ಷ ಆಯಿತು. ಆಮೇಲೆ ಅವನು ದೊಡ್ಡವರ ವಿರುದ್ಧ ಎಷ್ಟೋ ಕೇಸುಗಳಲ್ಲಿ ಸಾಕ್ಷಿ ಹೇಳಿದ. ಬ್ರಾನ್ಯೆವೊ ಬಗ್ಗೆ ಮೊದಲು ಬಾಯಿಬಿಟ್ಟವನೇ ಅವನು.

ಅಡಿಕೆ ತೋಟ

70 ಜನಕ್ಕೆ 5 ವರ್ಷ. ಒಬ್ಬರಿಗೆ ತಿಂಗಳೂ ಪೂರ್ತಿ ಬರಲ್ವಲ್ಲ ಲೆಕ್ಕ ಹಾಕಿದರೆ 😐

ಗುಬ್ಬಿಗೂಡು

ಶಿಕ್ಷೆ ಕಡಿತದ ಮಾತು ಬಂತಲ್ಲ, ಹಾಗಾದರೆ ಬಿಲ್ಯಾನಾ ಪ್ಲಾವ್ಶಿಚ್ ಕಥೆ ಕೇಳಿ. ಬೋಸ್ನಿಯಾದ ಸರ್ಬ್ ನಾಯಕಿ, ಜೀವಶಾಸ್ತ್ರದ ಪ್ರೊಫೆಸರ್. 2002ರಲ್ಲಿ ತಪ್ಪು ಒಪ್ಪಿಕೊಂಡರು, ನರಮೇಧದ ಆರೋಪ ಕೈಬಿಟ್ಟರು. ಪಶ್ಚಾತ್ತಾಪದ ಭಾಷಣ ಕೇಳಿ ಜಗತ್ತೆಲ್ಲ ತಲೆದೂಗಿತು. 11 ವರ್ಷ ಶಿಕ್ಷೆ. ಸ್ವೀಡನ್ನಿನ ಜೈಲಿನಿಂದ ಒಂದು ಪತ್ರಿಕೆಗೆ ಮಾತಾಡಿ, ತಾನೇನೂ ತಪ್ಪು ಮಾಡಿಲ್ಲ ಅಂದುಬಿಟ್ಟರು. ಮೂರನೇ ಎರಡು ಭಾಗ ಮುಗಿಸಿ 2009ರ ಅಕ್ಟೋಬರ್‌ನಲ್ಲಿ ಹೊರಬಂದಾಗ ಬೋಸ್ನಿಯಾದೊಳಗಿನ ಸರ್ಬ್ ಪ್ರಾಂತ್ಯದ ಸರ್ಕಾರಿ ವಿಮಾನ ಕಾದಿತ್ತು. ಬೆಲ್‌ಗ್ರೇಡಿನಲ್ಲಿ ಸ್ವಾಗತಕ್ಕೆ ಆ ಪ್ರಾಂತ್ಯದ ಆಗಿನ ಪ್ರಧಾನಿ ಮಿಲೊರಾದ್ ದೊದಿಕ್ ಖುದ್ದು ನಿಂತಿದ್ದ. ಕ್ರೊಯೇಟರೂ ಕಮ್ಮಿ ಇಲ್ಲ. ಶಿಕ್ಷೆಯಾಗಿದ್ದ ಬೋಸ್ನಿಯಾದ ಕ್ರೊಯೇಟ್ ನಾಯಕ ದಾರಿಯೊ ಕೊರ್ದಿಚ್ 2014ರಲ್ಲಿ ಬಿಡುಗಡೆಯಾಗಿ ಜಾಗ್ರೆಬ್‌ಗೆ ಬಂದಾಗ ವಿಮಾನ ನಿಲ್ದಾಣದಲ್ಲಿ ಜೈಕಾರ.

ಆದರೆ ಈ ಕೋರ್ಟಿನಿಂದ ಏನೂ ಆಗಲಿಲ್ಲ ಅಂದರೆ ನಾನು ಒಪ್ಪಲ್ಲ. ಕಾರಣ ಫೋಚಾ. ಅದೊಂದು ಸಣ್ಣ ಪಟ್ಟಣ. 1992ರಲ್ಲಿ ಅಲ್ಲಿನ ಹೈಸ್ಕೂಲು, ಪಾರ್ಟಿಜಾನ್ ಒಳಾಂಗಣ ಕ್ರೀಡಾಂಗಣದಲ್ಲಿ ಮುಸ್ಲಿಂ ಹೆಂಗಸರನ್ನೂ ಹುಡುಗಿಯರನ್ನೂ ಕೂಡಿಹಾಕಿ ತಿಂಗಳುಗಟ್ಟಲೆ ಅತ್ಯಾಚಾರ ಮಾಡಿದರು. ಕೆಲವರನ್ನು ಮನೆಗಳಲ್ಲಿ ಆಳುಗಳ ತರಹ ಇಟ್ಟುಕೊಂಡರು, ಮಾರಿದರು. ಯುದ್ಧ ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ಲೋಕ ಶತಮಾನಗಳಿಂದ ಸುಮ್ನಿತ್ತು ಅಲ್ವಾ? ಟೋಕಿಯೊದಲ್ಲಿ ಸೈನಿಕರ ವೇಶ್ಯಾಗೃಹಗಳಿಗೆ ತಳ್ಳಿದ ಕೊರಿಯಾದ ಹೆಂಗಸರ ಬಗ್ಗೆ ಒಂದು ಆರೋಪವೂ ಇರಲಿಲ್ಲ.

ಫೋಚಾದ ಹೆಂಗಸರು ಹೇಗ್‌ಗೆ ಹೋಗಿ ಸಾಕ್ಷಿ ಹೇಳಿದರು. ಹೆಸರಿನ ಬದಲು ಅಂಕಿ. ಕೆಲವರಿಗೆ ಘಟನೆ ನಡೆದಾಗ ಹದಿನೈದು ಹದಿನಾರು ವಯಸ್ಸು. ಎದುರಿಗೇ ಆರೋಪಿಗಳು ಕೂತಿದ್ದರು. 2001ರ ಫೆಬ್ರುವರಿ 22ರಂದು ಮೂವರಿಗೆ 28, 20, 12 ವರ್ಷ ಶಿಕ್ಷೆ ಓದಿದವರು ಜಾಂಬಿಯಾದ ನ್ಯಾಯಮೂರ್ತಿ ಫ್ಲಾರೆನ್ಸ್ ಮುಂಬಾ. ಲೈಂಗಿಕ ಗುಲಾಮಗಿರಿಯನ್ನು ಮಾನವತೆಯ ವಿರುದ್ಧದ ಅಪರಾಧ ಅಂತ ಒಂದು ಅಂತಾರಾಷ್ಟ್ರೀಯ ಕೋರ್ಟು ಹೇಳಿದ್ದು ಅದೇ ಮೊದಲು. ಅದಕ್ಕೆ ಮುಂಚೆ, 1998ರಲ್ಲಿ ರುವಾಂಡಾ ನರಮೇಧಕ್ಕಾಗಿ ವಿಶ್ವಸಂಸ್ಥೆ ಮಾಡಿದ ಕೋರ್ಟು ಜಾನ್ ಪಾಲ್ ಅಕಾಯೆಸು ಕೇಸಿನಲ್ಲಿ ಅತ್ಯಾಚಾರವೂ ನರಮೇಧದ ಭಾಗ ಆಗಬಹುದು ಅಂದಿತ್ತು. ಆ ಪೀಠದಲ್ಲಿದ್ದ ಒಬ್ಬರೇ ಮಹಿಳೆ ನವನೀತಂ ಪಿಳ್ಳೈ, ದಕ್ಷಿಣ ಆಫ್ರಿಕಾದ ತಮಿಳು ಮೂಲದವರು. ಹೆಂಗಸರು ಜಡ್ಜ್ ಆಗಿ ಕೂತದ್ದಕ್ಕೂ ಇಂಥ ತೀರ್ಪುಗಳಿಗೂ ನಂಟಿದೆ ಅಂತಲೇ ನಾನು ಹೇಳೋದು. ಯಾರಾದರೂ ವಾದಕ್ಕೆ ಬನ್ನಿ.

ಕಟುಸತ್ಯ

ಇದಕ್ಕೆ ವಾದ ಇಲ್ಲ ಮೇಡಂ. ಆದರೆ ಪ್ಲಾವ್ಶಿಚ್ ಕಥೆ ನೀವೇ ಹೇಳಿದಿರಿ. ಜನರ ಮನಸ್ಸು ಬದಲಾಗದಿದ್ದರೆ ಕೋರ್ಟಿನ ಕಾಗದಕ್ಕೆ ಏನು ಬೆಲೆ? ಪಾಲೆ ಅನ್ನೋ ಊರಿನಲ್ಲಿ ವಿದ್ಯಾರ್ಥಿ ಹಾಸ್ಟೆಲ್‌ಗೆ ಕರಾಜಿಚ್ ಹೆಸರಿಟ್ಟರು. ಅದೂ ಯಾವಾಗ? 2016ರ ಮಾರ್ಚ್‌ನಲ್ಲಿ, ಅವನಿಗೆ 40 ವರ್ಷ ಶಿಕ್ಷೆ ಆಗೋ ಹೊತ್ತಿಗೆ ಸರಿಯಾಗಿ. ಬೆಲ್‌ಗ್ರೇಡಿನಲ್ಲಿ ಮ್ಲಾಡಿಚ್ ಚಿತ್ರ ಗೋಡೆ ಮೇಲೆ ಬರೆದರೆ ಅದಕ್ಕೆ ಮೊಟ್ಟೆ ಎಸೆದವರನ್ನೇ ಹಿಡಿದರು.

ಹೇಗ್ ಕನ್ನಡತಿ

ಆ ಹಾಸ್ಟೆಲ್ ಫಲಕವನ್ನು 2020ರ ಡಿಸೆಂಬರ್‌ನಲ್ಲಿ ತೆಗೆದರು. ಮನಸ್ಸು ಬದಲಾಗಿ ಅಲ್ಲ, ಬೋಸ್ನಿಯಾದಲ್ಲಿ ಕಾನೂನು ಹೇರುವ ಅಧಿಕಾರವಿದ್ದ ಅಂತಾರಾಷ್ಟ್ರೀಯ ಪ್ರತಿನಿಧಿ ವ್ಯಾಲೆಂಟಿನ್ ಇಂಜ್ಕೊ ಪಟ್ಟು ಹಿಡಿದಿದ್ದಕ್ಕೆ. ಮರುವರ್ಷ ಅವರು ನರಮೇಧ ನಡೆದೇ ಇಲ್ಲ ಅನ್ನೋದನ್ನು ಅಪರಾಧ ಮಾಡಿ ಬೋಸ್ನಿಯಾದ ಕಾನೂನು ತಿದ್ದಿದರು.

ಒಂದು ಮಾತು. ಜನ ಒಪ್ಪದೇ ಇರಬಹುದು. ಆದರೆ 2005ರ ಜೂನ್‌ನಲ್ಲಿ ಏನಾಯಿತು ನೋಡಿ. ಸರ್ಬಿಯಾದ ಮಾಜಿ ಅಧ್ಯಕ್ಷ ಮಿಲೊಸೆವಿಚ್ ವಿಚಾರಣೆಯಲ್ಲಿ ಒಂದು ವಿಡಿಯೊ ಹಾಕಿದರು. ಸ್ಕಾರ್ಪಿಯನ್ಸ್ ಅನ್ನೋ ಸರ್ಬ್ ತುಕಡಿಯವರು ತಾವೇ ಚಿತ್ರೀಕರಿಸಿಕೊಂಡದ್ದು, ಸ್ರೆಬ್ರೆನಿತ್ಸಾದಿಂದ ತಂದ ಆರು ಜನರನ್ನು ತ್ರ್ನೊವೊ ಹತ್ತಿರ ಕೊಲ್ಲುವುದು. ಅದರ ಪ್ರತಿಯನ್ನು ಹುಡುಕಿ ತಂದವರು ಬೆಲ್‌ಗ್ರೇಡಿನ ಸರ್ಬ್ ಮಹಿಳೆ, ಮಾನವ ಹಕ್ಕು ಕಾರ್ಯಕರ್ತೆ ನತಾಶಾ ಕಾಂಡಿಚ್. ಸರ್ಬಿಯಾದ ಟಿವಿಯಲ್ಲೂ ಬಂತು. ಕೂಡಲೇ ಸರ್ಬಿಯಾ ಪೊಲೀಸರೇ ಆ ತುಕಡಿಯವರನ್ನು ಹಿಡಿದರು, ಅಲ್ಲಿನ ಕೋರ್ಟೇ ಶಿಕ್ಷೆ ಕೊಟ್ಟಿತು. ಸತ್ತವರ ಮನೆಯವರು ಮಗನನ್ನು ಟಿವಿಯಲ್ಲಿ ಗುರುತು ಹಿಡಿದರು. ಕಾಂಡಿಚ್‌ಗೆ ಅವರ ದೇಶದಲ್ಲಿ ದ್ರೋಹಿ ಅನ್ನೋ ಪಟ್ಟ ಸಿಕ್ಕಿತು, ಅದು ಬೇರೆ ಮಾತು. ಇಂಥವರು ಇಲ್ಲದೇ ಹೋಗಿದ್ದರೆ ಹೇಗ್‌ನ ಗಾಜಿನ ಕಟ್ಟಡದಿಂದ ಮಾತ್ರ ಏನೂ ಆಗುತ್ತಿರಲಿಲ್ಲ.

ಮಿಲೊಸೆವಿಚ್ ತೀರ್ಪು ಬರೋ ಮುಂಚೆಯೇ, 2006ರ ಮಾರ್ಚ್‌ನಲ್ಲಿ ಸೆಲ್ಲಿನಲ್ಲಿ ಹೃದಯಾಘಾತದಿಂದ ಸತ್ತ. ಅವನನ್ನು ಹೇಗ್‌ಗೆ ಕಳಿಸಿದ ಸರ್ಬಿಯಾದ ಪ್ರಧಾನಿ ಜೊರಾನ್ ಜಿಂಜಿಚ್ ಅವನಿಗಿಂತ ಮೂರು ವರ್ಷ ಮುಂಚೆಯೇ ಬೆಲ್‌ಗ್ರೇಡಿನಲ್ಲಿ ಗುಂಡೇಟಿಗೆ ಬಲಿಯಾಗಿದ್ದರು.

ಪದ್ಮಾ ನದಿ

ಬಾಂಗ್ಲಾ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? 1971ರಲ್ಲಿ ನಮ್ಮ ಕೈಗೆ 93 ಸಾವಿರ ಪಾಕಿಸ್ತಾನಿ ಸೆರೆಯಾಳುಗಳು ಸಿಕ್ಕಿದ್ದರು. 195 ಜನರ ಮೇಲೆ ಯುದ್ಧಾಪರಾಧದ ವಿಚಾರಣೆ ಮಾಡಬೇಕು ಅಂತ ಬಾಂಗ್ಲಾದೇಶ ಪಟ್ಟಿ ಮಾಡಿತ್ತು. 1974ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಮೂರು ದೇಶಗಳ ಒಪ್ಪಂದ ಆಗಿ ಎಲ್ಲರನ್ನೂ ಮನೆಗೆ ಕಳಿಸಿದರು. ಒಬ್ಬನ ವಿಚಾರಣೆಯೂ ಆಗಲಿಲ್ಲ. ಢಾಕಾದಲ್ಲಿ 2010ರಲ್ಲಿ ಟ್ರಿಬ್ಯೂನಲ್ ಶುರುವಾದಾಗ ಸಿಕ್ಕಿದ್ದು ಸ್ಥಳೀಯ ಸಹಾಯಕರು ಮಾತ್ರ.

ಕಟುಸತ್ಯ

ನೋಡಿ! ನನ್ನ ಮಾತಿಗೆ ಇದಕ್ಕಿಂತ ಪುರಾವೆ ಬೇಕಾ?

ನಿರ್ವಾಹಕ

ಬಾಂಗ್ಲಾ ವಿಷಯ ದೊಡ್ಡದು, ಬೇರೆ ಎಳೆ ತೆರೆಯಿರಿ. ಅಲ್ಲಿಗೆ ಈಗಿನ ಢಾಕಾ ರಾಜಕೀಯವನ್ನು ಎಳೆದು ತರಬೇಡಿ ಅಂತ ಈಗಲೇ ಹೇಳಿರ್ತೀನಿ. ಇಲ್ಲಿ ಬೋಸ್ನಿಯಾ ಮುಂದುವರಿಯಲಿ.

ಬಿಳಿ ಕೋಟು

ಮೂಳೆಗಳ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಕೋರ್ಟಿಗೆ ಬೇಕಿದ್ದದ್ದು ಎಷ್ಟು ಜನ, ಹೇಗೆ, ಯಾವಾಗ ಅನ್ನೋದು. ಯಾರು ಅನ್ನೋದು ಕೇಸಿಗೆ ಅಷ್ಟು ಮುಖ್ಯ ಅಲ್ಲ. ತಾಯಂದಿರಿಗೆ ಬೇಕಿದ್ದದ್ದು ಅದೊಂದೇ. ಆ ಕೆಲಸಕ್ಕೆ 1996ರಲ್ಲಿ ಕಾಣೆಯಾದವರಿಗಾಗಿಯೇ ಒಂದು ಅಂತಾರಾಷ್ಟ್ರೀಯ ಆಯೋಗ ಆಯಿತು. ಬಟ್ಟೆ, ಹಲ್ಲು ನೋಡಿ ಗುರುತು ಹಿಡಿಯೋಕೆ ಆಗುತ್ತಿರಲಿಲ್ಲ, ಹೇಳಿದೆನಲ್ಲ, ಎಲ್ಲ ಕಲಸಿಹೋಗಿತ್ತು. ಮನೆಯವರ ರಕ್ತದ ಹನಿ ತೆಗೆದುಕೊಂಡು ಮೂಳೆಯ ಡಿಎನ್‌ಎ ಜೊತೆ ಹೋಲಿಸೋಕೆ ಶುರು ಮಾಡಿದರು. 2001ರ ನವೆಂಬರ್‌ನಲ್ಲಿ ಮೊದಲ ಹೊಂದಾಣಿಕೆ ಆಯಿತು. ಈಗ ಸ್ರೆಬ್ರೆನಿತ್ಸಾದ ಸುಮಾರು 7 ಸಾವಿರ ಜನರ ಗುರುತು ಸಿಕ್ಕಿದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಹೀಗೆ ಅದಕ್ಕೆ ಮುಂಚೆ ಎಲ್ಲೂ ಆಗಿರಲಿಲ್ಲ.

ಎಷ್ಟೋ ಮನೆಗಳಿಗೆ ಒಂದೆರಡು ಮೂಳೆ ಮಾತ್ರ ಸಿಕ್ಕಿದಾಗ ಒಂದು ಕರೆ ಹೋಗುತ್ತೆ. ಈಗಲೇ ಮಣ್ಣು ಮಾಡ್ತೀರಾ, ಇನ್ನಷ್ಟು ಸಿಗೋವರೆಗೆ ಕಾಯ್ತೀರಾ ಅಂತ ಕೇಳಬೇಕು. ಆ ಕರೆ ಮಾಡುವವರ ಕೆಲಸ ನನಗೆ ಬೇಡಪ್ಪ. ಪ್ರತಿ ಜುಲೈ 11ರಂದು ಪೊಟೊಚಾರಿ ಸ್ಮಾರಕದಲ್ಲಿ ಆ ವರ್ಷ ಗುರುತು ಸಿಕ್ಕವರ ಮಣ್ಣು ಮಾಡುತ್ತಾರೆ.

ನಿಮ್ಮ ವಿದ್ಯಾರ್ಥಿಗೆ ಇದನ್ನೇ ಹೇಳಿ ಮೇಷ್ಟ್ರೇ. ಮ್ಲಾಡಿಚ್ ಜೈಲಿಗೆ ಹೋಗೋಕೆ ಹತ್ತು ವರ್ಷ ಮುಂಚೆಯೇ ಈ ಕೆಲಸ ಶುರುವಾಗಿತ್ತು. ಕೇಸು ಇದ್ದದ್ದಕ್ಕೆ ಗುಂಡಿಗಳನ್ನು ಕ್ರಮವಾಗಿ ಅಗೆದರು, ಕಾವಲು ಇಟ್ಟರು, ಪಟ್ಟಿ ಮಾಡಿದರು. ಕೇಸು ಇಲ್ಲದಿದ್ದರೆ ಊರಿನವರೇ ಗುದ್ದಲಿ ತಗೊಂಡು ಅಗೆದಿರೋರು.

ಸೋಮವಾರಪೇಟೆ ಹವಾಲ್ದಾರ್

ಹೇಗ್ ಕೋರ್ಟು ಮುಚ್ಚಿತಲ್ಲ, ಉಳಿದ ಸಣ್ಣಪುಟ್ಟ ಆರೋಪಿಗಳ ಕಥೆ ಏನು?

ಕೋರ್ಟುಕಚೇರಿ

2017ರ ಡಿಸೆಂಬರ್ 31ಕ್ಕೆ ಮುಚ್ಚಿತು. ಉಳಿದ ಅಪೀಲುಗಳಿಗೆ ಒಂದು ಉಳಿಕೆ ವ್ಯವಸ್ಥೆ ಮಾಡಿದರು. ಮುಚ್ಚೋ ಮುಂಚಿನ ತಿಂಗಳು ಕ್ರೊಯೇಟ್ ಜನರಲ್ ಪ್ರಾಲ್ಯಾಕ್ ಅಪೀಲಿನ ತೀರ್ಪು ಕೇಳುತ್ತಲೇ ವಿಷ ಕುಡಿದು ಸತ್ತದ್ದು ನೆನಪಿರಬಹುದು, ಟಿವಿಯಲ್ಲೆಲ್ಲ ಬಂತು. ತಳಮಟ್ಟದ ಕೇಸುಗಳು ಸರಾಯೆವೊದಲ್ಲಿರೋ ಬೋಸ್ನಿಯಾ ರಾಜ್ಯ ಕೋರ್ಟಿಗೆ ಹೋದವು. ಅಲ್ಲಿ 2005ರಲ್ಲಿ ಯುದ್ಧಾಪರಾಧಕ್ಕೇ ವಿಭಾಗ ತೆರೆದರು. ಆದರೆ ಆರೋಪಿಗಳು ಗಡಿ ದಾಟಿ ಸರ್ಬಿಯಾದಲ್ಲೋ ಕ್ರೊಯೇಷಿಯಾದಲ್ಲೋ ಪೌರತ್ವ ಪಡೆದು ಕೂತಿದ್ದಾರೆ, ಆ ದೇಶಗಳು ತಮ್ಮ ಪ್ರಜೆಗಳನ್ನು ಒಪ್ಪಿಸಲ್ಲ. ಸಾಕ್ಷಿಗಳಿಗೆ ವಯಸ್ಸಾಗಿ ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಪ್ರಿಯೆಡೋರ್‌ನಂಥ ಊರಿಗೆ ವಾಪಸು ಬಂದವರು ತಮ್ಮನ್ನು ಹೊಡೆದ ಕಾವಲುಗಾರನನ್ನು ಸಂತೆಯಲ್ಲಿ ನೋಡಿಕೊಂಡೇ ಬದುಕಬೇಕು. ಇಲ್ಲಿ ಕಟುಸತ್ಯ ಅವರ ಸಿಟ್ಟಿಗೆ ನನ್ನದೂ ಸೇರಿಸಿಕೊಳ್ಳಿ.

ಇತಿಹಾಸದ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ವಾಚಿನ ವಿಷಯ, ಲಾಗ್‌ಬುಕ್ಕಿನ ವಿಷಯ ಮಕ್ಕಳಿಗೆ ಖಂಡಿತ ಹಿಡಿಸುತ್ತೆ. ಮೂಲ ದಾಖಲೆ ಓದೋಕೆ ಸಿಗುತ್ತಾ? ಎಲ್ಲಿಂದ ಶುರು ಮಾಡಲಿ?

ಹೇಗ್ ಕನ್ನಡತಿ

ಸಿಗುತ್ತೆ ಸರ್, ಪೂರ್ತಿ ಬಿಟ್ಟಿ. ಕೋರ್ಟಿನ ಹಳೇ ಜಾಲತಾಣ ಈಗಲೂ ಇದೆ. ತೀರ್ಪು, ಸಾಕ್ಷಿ ಹೇಳಿಕೆಯ ಅಕ್ಷರಕ್ಷರ ದಾಖಲೆ ಎಲ್ಲ ಹಾಕಿದ್ದಾರೆ. ಭಾಷೆ ಇಂಗ್ಲಿಷ್ ಅಥವಾ ಫ್ರೆಂಚ್. ಕ್ರಿಸ್ತಿಚ್ ಕೇಸಿನ ನಂಬರ್ ಐಟಿ-98-33. ತೀರ್ಪಿನ ಮೊದಲ ಭಾಗದಲ್ಲೇ ಘಟನೆಗಳು ದಿನದ ಪ್ರಕಾರ ಇವೆ, ಕಾನೂನಿನ ವಾದ ಆಮೇಲೆ ಬರುತ್ತೆ, ಅದನ್ನು ಬಿಟ್ಟರೂ ನಡೆಯುತ್ತೆ. ಅದೇ ಕೇಸಿನಲ್ಲಿ 2000ದ ಏಪ್ರಿಲ್‌ನಲ್ಲಿ ಸಾಕ್ಷಿ "ಓ" ಕೊಟ್ಟ ಹೇಳಿಕೆ ಹುಡುಕಿ. ಪೆಟ್ಕೊವ್ಚಿ ಅಣೆಕಟ್ಟಿನ ಹತ್ತಿರ ಗುಂಡು ತಿಂದು ಬದುಕಿ ಬಂದವನು, ಆಗ ಅವನಿಗೆ 17 ವರ್ಷ. ನಿಮ್ಮ ಪಿಯುಸಿ ಮಕ್ಕಳದ್ದೇ ವಯಸ್ಸು. ಓದಿಸೋ ಮುಂಚೆ ನೀವೊಂದು ಸಲ ಓದಿ ನೋಡಿ, ಎಲ್ಲವನ್ನೂ ತರಗತಿಯಲ್ಲಿ ಓದೋಕೆ ಆಗಲ್ಲ.

ಸೋಮವಾರಪೇಟೆ ಹವಾಲ್ದಾರ್

ಎರ್ದೆಮೊವಿಚ್‌ದೂ ನಂಬರ್ ಕೊಡಿ ತಂಗಿ.

ಹೇಗ್ ಕನ್ನಡತಿ

ಐಟಿ-96-22 ಅಣ್ಣ. ಕಸ್ಸೇಸೆ ಅವರ ಭಿನ್ನಮತ ಬೇರೆ ಫೈಲ್ ಆಗಿದೆ, 1997ರ ಅಕ್ಟೋಬರ್ 7ರದ್ದು ನೋಡಿ.